ಗುಡುಗುಡಿ ಯಾರದು? ಒಂದು ಕವರ್ ಹಾಡಿನ ಚರಿತ್ರೆ

1/9
ಫೆಸ್ಟ್ ಸ್ಟೇಜ್ ಮೇಲೆ ಗಿಟಾರ್ ಹಿಡಿದು ಯಾರೇ ಹತ್ತಲಿ, ಕೆಳಗಿಂದ ಒಂದು ಕೂಗು ಬಂದೇ ಬರುತ್ತೆ: "ಗುಡುಗುಡಿಯ ಹಾಡ್ರೋ!" ಹಾಡು ಶುರುವಾದ್ರೆ ಹಿಂದಿನ ಬೆಂಚಿನವರೂ ಎದ್ದು ಕುಣಿತಾರೆ, ಲೆಕ್ಚರರ್‌ಗಳೂ ಕಾಲಲ್ಲಿ ತಾಳ ಹಾಕ್ತಾರೆ. ಆಮೇಲೆ ಯಾರನ್ನಾದ್ರೂ ಹಿಡಿದು "ಇದು ಯಾರ ಹಾಡು?" ಅಂತ ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ "ರಘು ದೀಕ್ಷಿತ್‌ದು" ಅಂತಾರೆ. ಒಬ್ಬರು "ಶರೀಫಜ್ಜಂದು" ಅಂತಾರೆ. ಇನ್ನೊಬ್ಬರು "ಜನಪದ ಕಣೋ" ಅಂದು ಮುಂದಕ್ಕೆ ಹೋಗ್ತಾರೆ.

ಈ ಮೂರು ಉತ್ತರದಲ್ಲಿ ಮೂರನೇದು ಇದೆಯಲ್ಲ, "ಜನಪದ ಕಣೋ", ಅದರ ಬಗ್ಗೆಯೇ ಈ ಸರಣಿ. ಒಟ್ಟು ಒಂಬತ್ತು ಕ್ಯಾಪ್ಷನ್. ಉದ್ದ ಜಾಸ್ತಿ ಆಯ್ತು ಅನ್ನೋರು ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಮೊದಲು ಒಂದು ಪದ ಬಿಡಿಸಿಕೊಳ್ಳೋಣ. ಮೊದಲೇ ಯಾರೋ ಹಾಡಿದ್ದನ್ನ ಇನ್ನೊಬ್ಬರು ತಮ್ಮ ರೀತಿಯಲ್ಲಿ ಮತ್ತೆ ಹಾಡಿದ್ರೆ ಅದು ಕವರ್. ಹಳೇ ಜನಪದವನ್ನೋ ತತ್ವಪದವನ್ನೋ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಜೊತೆ ಹಾಡಿದ್ರೆ ಅದನ್ನ ಫೋಕ್ ರಾಕ್ ಅಂತಾರೆ. ಕನ್ನಡದಲ್ಲಿ ಈ ಎರಡೂ ಸೇರಿ ಎಲ್ಲರ ಬಾಯಿಗೂ ಬಂದ ಹಾಡು "ಗುಡುಗುಡಿಯ ಸೇದಿ ನೋಡೋ". ಅದು ನಮ್ಮ ಕಿವಿಗೆ ಬರೋ ಹೊತ್ತಿಗೆ ನೂರಕ್ಕೂ ಹೆಚ್ಚು ವರ್ಷ ದಾರಿ ಸವೆಸಿತ್ತು. ಆ ದಾರಿಯಲ್ಲಿ ಯಾರ ಹೆಸರು ಉಳೀತು, ಯಾರದು ಉದುರಿ ಹೋಯ್ತು ಅನ್ನೋದೇ ಇಲ್ಲಿನ ಕತೆ. ಶಿಶುನಾಳದಿಂದ ಹೊರಟು ನಮ್ಮ ಮಳವಳ್ಳಿ ಕಡೆಗೇ ಬಂದು ನಿಲ್ಲುತ್ತೆ.

2/9
ಊರಿಗೆ ಬರೋ ಮುಂಚೆ ಒಂದು ಸುತ್ತು ಹೊರದೇಶಕ್ಕೆ ಹೋಗಿ ಬರೋಣ. ಯಾಕಂದ್ರೆ ಹೆಸರಿನ ಜಗಳ ಅಲ್ಲೂ ಇದೆ.

1964ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಐದು ಜನ ಹುಡುಗರ ಬ್ಯಾಂಡ್ "ದಿ ಅನಿಮಲ್ಸ್" ಒಂದು ಹಳೇ ಅಮೆರಿಕನ್ ಜನಪದ ಹಾಡನ್ನ ಎಲೆಕ್ಟ್ರಿಕ್ ಗಿಟಾರ್, ಆರ್ಗನ್ ಹಾಕಿ ಹಾಡಿದ್ರು. ಹಾಡಿನ ಹೆಸರು "ಹೌಸ್ ಆಫ್ ದಿ ರೈಸಿಂಗ್ ಸನ್". ಅದೇ ವರ್ಷ ಅದು ಇಂಗ್ಲೆಂಡ್, ಅಮೆರಿಕ ಎರಡು ಕಡೆಯೂ ನಂಬರ್ ಒನ್ ಆಯ್ತು. ಫೋಕ್ ರಾಕ್‌ನ ಮೊದಲ ದೊಡ್ಡ ಹಾಡು ಇದೇ ಅನ್ನೋರು ತುಂಬ ಜನ ಇದ್ದಾರೆ. ಮಾರನೇ ವರ್ಷ, 1965ರ ಜುಲೈನಲ್ಲಿ, ಬಾಬ್ ಡಿಲನ್ ನ್ಯೂಪೋರ್ಟ್ ಜನಪದ ಉತ್ಸವಕ್ಕೆ ಎಲೆಕ್ಟ್ರಿಕ್ ಗಿಟಾರ್ ತಗೊಂಡು ಹೋದಾಗ ಕೂತವರಲ್ಲಿ ಕೆಲವರು ಕೂಗಾಡಿದ್ರು.

ಈಗ ಡಿಸ್ಕ್ ಮೇಲಿನ ಲೇಬಲ್ ನೋಡಿ. ಅದರಲ್ಲಿದ್ದದ್ದು ಇಷ್ಟೇ: ಸಾಂಪ್ರದಾಯಿಕ ಹಾಡು, ಜೋಡಣೆ ಅಲನ್ ಪ್ರೈಸ್. ಐದು ಜನ ಸೇರಿ ಕಟ್ಟಿದ ಹಾಡಿಗೆ ಆರ್ಗನ್ ನುಡಿಸಿದ ಒಬ್ಬರ ಹೆಸರು. ಜೋಡಣೆಯ ರಾಯಲ್ಟಿಯೂ ಅವರ ಹೆಸರಿಗೇ. ಉಳಿದವರಲ್ಲಿ ಇದರ ಬಗ್ಗೆ ನೋವು ಉಳೀತು.

ಆದ್ರೆ ಇನ್ನೂ ಹಿಂದಕ್ಕೆ ಹೋಗಿ. 1937ರಲ್ಲಿ ಅಲನ್ ಲೊಮ್ಯಾಕ್ಸ್ ಅನ್ನೋ ಜನಪದ ಸಂಗ್ರಾಹಕ ಕೆಂಟಕಿಯ ಮಿಡಲ್ಸ್‌ಬರೋ ಊರಿಗೆ ಧ್ವನಿಮುದ್ರಣ ಯಂತ್ರ ತಗೊಂಡು ಹೋಗಿದ್ದ. ಅಲ್ಲಿ ಗಣಿ ಕೆಲಸಗಾರರೊಬ್ಬರ ಮಗಳು ಜಾರ್ಜಿಯಾ ಟರ್ನರ್ ಇದೇ ಹಾಡನ್ನ ಅವನಿಗೆ ಹಾಡಿಕೊಟ್ಟಳು. ಅವಳಿಗೆ ಆಗ ವಯಸ್ಸು 16. ನಮ್ಮಲ್ಲಿ ಫಸ್ಟ್ ಪಿಯುಸಿ ಹುಡುಗಿಯ ವಯಸ್ಸು. 1964ರ ಲೇಬಲ್ ಮೇಲೆ ಅವಳು "ಸಾಂಪ್ರದಾಯಿಕ" ಅನ್ನೋ ಒಂದು ಪದದೊಳಗೆ ಸೇರಿಹೋಗಿದ್ದಳು.

ನಮ್ಮ ಕಡೆ ಆ ಪದಕ್ಕೆ ಹೇಳೋದು "ಜನಪದ".

3/9
ಈಗ ನಮ್ಮ ಗುಡುಗುಡಿ.

ಶಿಶುನಾಳ ಶರೀಫರು ಹುಟ್ಟಿದ್ದು 1819ರ ಜುಲೈ 3. ತೀರಿಕೊಂಡದ್ದು 1889ರ ಜುಲೈ 3. ಹುಟ್ಟಿದ ದಿನವೇ ಹೋದರು. ಊರು ಶಿಶುನಾಳ, ಈಗಿನ ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲೂಕು. ನಮ್ಮ ಬೆಸಗರಹಳ್ಳಿಯಿಂದ ಸುಮಾರು 400 ಕಿ.ಮೀ. ದೂರ. ಹುಟ್ಟಿದ್ದು ಮುಸ್ಲಿಂ ಮನೆಯಲ್ಲಿ, ಗುರು ಕಳಸದ ಗೋವಿಂದ ಭಟ್ಟರು ಅನ್ನೋ ಬ್ರಾಹ್ಮಣ. ಕೆಲ ಕಾಲ ಶಾಲೆ ಮಾಸ್ತರಿಕೆಯನ್ನೂ ಮಾಡಿದ್ರು. ಇವತ್ತಿಗೂ ಅವರ ಗದ್ದುಗೆಗೆ ಎರಡೂ ಧರ್ಮದವರು ನಡ್ಕೋತಾರೆ.

ಶರೀಫರು ಕಟ್ಟಿದ್ದು ತತ್ವಪದ. ಕೇಳೋಕೆ ಅಡುಗೆಮನೆ, ಕೋಳಿ, ಸೋರುವ ಮಾಳಿಗೆ. ಒಳಗೆ ನೋಡಿದ್ರೆ ದೇಹ, ಮನಸ್ಸು, ಸಾವು. ಗುಡುಗುಡಿ ಅಂದ್ರೆ ಹುಕ್ಕಾ. ಅದಕ್ಕೇ ಎಷ್ಟೋ ಜನ ಇದನ್ನ ಹೊಗೆ ಎಳೆಯೋರ ಹಾಡು ಅಂದ್ಕೊಂಡು ರೀಲ್ಸ್‌ಗೆ ಹಾಕ್ಕೋತಾರೆ. ಹಾಡಿನಲ್ಲಿ ನಡೆಯೋದೇ ಬೇರೆ. ಮನಸ್ಸೇ ಸಂಚಿ. ಅದರೊಳಗಿರೋ ಮೋಹವೇ ಕೊಚ್ಚಿ ಸುಡಬೇಕಾದ ಭಂಗಿ. ಬುದ್ಧಿಯೇ ಅದರ ಮೇಲಿಡೋ ಕೆಂಡ. ಹೀಗೆ ನಿನ್ನೊಳಗಿನ ರೋಗವನ್ನ ನೀನೇ ಸುಟ್ಕೊ ಅನ್ನೋ ಹಾಡು ಅದು. ಒಂದು ರೀತಿ ನೋಡಿದ್ರೆ ಚಟ ಬಿಡಿಸೋ ಹಾಡು!

ಈ ಪದಗಳು ಪುಸ್ತಕದಿಂದ ಉಳಿದವಲ್ಲ. ಏಕತಾರಿ, ತಾಳ, ಭಜನೆ ಮೇಳ, ಬಾಯಿಂದ ಬಾಯಿ. ಹಾಗಿದ್ರೂ ಶರೀಫರ ಹೆಸರು ಯಾಕೆ ಕಳೆದುಹೋಗಲಿಲ್ಲ? ಅಂಕಿತ ಇತ್ತು. ಬಸವಣ್ಣನಿಗೆ ಕೂಡಲಸಂಗಮದೇವ ಇದ್ದ ಹಾಗೆ, ಶರೀಫರ ಪದದ ಕೊನೆಗೆ ಶಿಶುನಾಳದ ದೇವರ ಹೆಸರು ಬರುತ್ತೆ. ನಾವು ಫೋಟೋ ಮೂಲೆಗೆ ವಾಟರ್‌ಮಾರ್ಕ್ ಹಾಕ್ತೀವಲ್ಲ, ಅದೇ ಕೆಲಸ. ಇಲ್ಲಿ ಅದು ಹಾಡಿನ ಒಳಗೇ ಹೆಣೆದಿದೆ. ಹಾಡಬೇಕಾದ್ರೆ ಊರ ಹೆಸರು ಬಾಯಿಗೆ ಬರಲೇಬೇಕು.

4/9
ಭಜನೆ ಮೇಳದಿಂದ ಹಾಡು ಮನೆಮನೆಗೆ ಬಂದದ್ದು ಕ್ಯಾಸೆಟ್ ಕಾಲದಲ್ಲಿ. ಅದಕ್ಕೆ ದೊಡ್ಡ ಕಾರಣ ಸಿ. ಅಶ್ವತ್ಥ್.

ಶಿವಮೊಗ್ಗ ಸುಬ್ಬಣ್ಣ, ಅಶ್ವತ್ಥ್ ಇಬ್ಬರ ಗಂಟಲಲ್ಲಿ ಶರೀಫರ ಪದಗಳು ದಕ್ಷಿಣ ಕರ್ನಾಟಕಕ್ಕೂ ಇಳಿದವು. 1990ರಲ್ಲಿ ಟಿ.ಎಸ್. ನಾಗಾಭರಣ "ಸಂತ ಶಿಶುನಾಳ ಶರೀಫ" ಸಿನಿಮಾ ಮಾಡಿದ್ರು. ಶರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್, ಸಂಗೀತ ಅಶ್ವತ್ಥ್. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡೋ ನರ್ಗೀಸ್ ದತ್ ಪ್ರಶಸ್ತಿ ಆ ಸಿನಿಮಾಕ್ಕೆ ಬಂತು. ನಮ್ಮ ಅಪ್ಪ ಅಮ್ಮನ ವಯಸ್ಸಿನವರಿಗೆ ಶರೀಫರು ಅಂದ್ರೆ ಮೊದಲು ನೆನಪಾಗೋದು ಅಶ್ವತ್ಥ್ ದನಿಯೇ.

ಗಮನಿಸಿ, ಅದೂ ಕವರ್ರೇ. ಶರೀಫರು ಹಾರ್ಮೋನಿಯಂ, ಕೊಳಲು, ಸ್ಟುಡಿಯೋ ಎಲ್ಲ ಇಟ್ಕೊಂಡು ಹಾಡಿದವರಲ್ಲ. ಅವರ ದನಿ ಹೇಗಿತ್ತು ಅಂತ ಕೇಳಿದ ಯಾರೂ ಈಗ ಬದುಕಿಲ್ಲ. ಆದ್ರೂ ನಾವು ಅಶ್ವತ್ಥ್ ಹಾಡಿದ್ದನ್ನ "ಒರಿಜಿನಲ್" ಅಂತೀವಿ, ಆಮೇಲೆ ಬಂದದ್ದನ್ನ "ಕವರ್" ಅಂತೀವಿ.

ಇಲ್ಲಿ ಒಂದು ವಿಷಯ ಅರ್ಥ ಮಾಡ್ಕೋಬೇಕು. ಬಾಯಿಂದ ಬಾಯಿಗೆ ಬರೋ ಹಾಡಿಗೆ ಒರಿಜಿನಲ್ ಅನ್ನೋದೇ ಇರಲ್ಲ, ಪ್ರತಿ ಸಲ ಹಾಡಿದ್ದೂ ಹೊಸದು. ಧ್ವನಿಮುದ್ರಣ ಬಂದ ಮೇಲೆ ಮೊದಲು ರೆಕಾರ್ಡ್ ಆದದ್ದು ಒರಿಜಿನಲ್ ಪಟ್ಟ ಹತ್ತಿತು. ಅಂದ್ರೆ ಒರಿಜಿನಲ್ ಯಾವುದು ಅಂತ ತೀರ್ಮಾನ ಮಾಡಿದ್ದು ಮೈಕು. ಮೈಕಿನ ಮುಂದೆ ನಿಂತವರ ಹೆಸರು ಲೇಬಲ್ಲಿಗೆ ಬಂತು, ನಿಲ್ಲದವರ ಹೆಸರು ಬರಲಿಲ್ಲ.

ಶರೀಫರು ಮೈಕಿನ ಮುಂದೆ ನಿಲ್ಲದಿದ್ರೂ ಬಚಾವಾದ್ರು. ಅಂಕಿತ ಕಾಪಾಡ್ತು.

5/9
2008. ಮೈಸೂರಲ್ಲಿ ಬೆಳೆದ, ಮೈಕ್ರೋಬಯಾಲಜಿ ಓದಿದ, ಭರತನಾಟ್ಯ ಕಲಿತ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂತು. ಅದಕ್ಕೂ ಮೊದಲು ಅವರ ಬ್ಯಾಂಡಿನ ಹೆಸರು "ಅಂತರಾಗ್ನಿ". ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿದ ಮೇಲೆ, ಹಿಂದಿ ಸಿನಿಮಾ ಸಂಗೀತಗಾರರಾದ ವಿಶಾಲ್–ಶೇಖರ್ ತಮ್ಮದೇ ಲೇಬಲ್ಲಿನಿಂದ ಆಲ್ಬಂ ತಂದ್ರು. ಎಂಟು ಹಾಡು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರದ್ದು ಎರಡು: ಗುಡುಗುಡಿಯ ಮತ್ತು ಸೋರುತಿಹುದು.

ಗಿಟಾರ್, ಬಾಸ್, ಡ್ರಮ್ಸ್, ವಯಲಿನ್. ಮೈಮೇಲೆ ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ. ಜೀನ್ಸ್ ಹಾಕಿದ್ರೆ ಮಾತ್ರ ರಾಕ್ ಅಂದ್ಕೊಂಡಿದ್ದವರಿಗೆ ಅದು ಹೊಸದಾಗಿ ಕಾಣ್ತು.

ರಘು ಮಾಡಿದ್ದು ಬರೀ ವಾದ್ಯ ಬದಲಾವಣೆ ಅಲ್ಲ ಅಂತ ನನಗನ್ನಿಸುತ್ತೆ. ಭಜನೆಯಲ್ಲಿ ಒಬ್ಬರು ಹೇಳಿಕೊಡ್ತಾರೆ, ಉಳಿದವರು ಹಿಮ್ಮೇಳ ಹಿಡೀತಾರೆ. ಕೂತವರೆಲ್ಲ ಹಾಡೋರೇ. ಅಶ್ವತ್ಥ್ ಕಾಲದ ಕ್ಯಾಸೆಟ್ಟಲ್ಲಿ ನಾವು ಕೇಳೋರು ಮಾತ್ರ ಆಗಿದ್ವಿ. ರಘು ಕಾರ್ಯಕ್ರಮದಲ್ಲಿ ಜನಕ್ಕೆ ಪಲ್ಲವಿ ಹೇಳಿಕೊಟ್ಟು ಅವರ ಕೈಲೇ ಹಾಡಿಸ್ತಾರೆ. ಸಾವಿರ ಜನ ಹಿಮ್ಮೇಳ ಹಿಡೀತಾರೆ. ಡ್ರಮ್ಸ್ ಸದ್ದಿನ ಮಧ್ಯೆ ಹಳೇ ಭಜನೆ ಪದ್ಧತಿಯೇ ವಾಪಸ್ ಬಂತು ನೋಡಿ.

2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ "ಸಾಂಗ್‌ಲೈನ್ಸ್" ಪತ್ರಿಕೆಯ ಅತ್ಯುತ್ತಮ ಹೊಸ ಕಲಾವಿದ ಪ್ರಶಸ್ತಿ. ಕನ್ನಡದ ಒಂದಕ್ಷರ ಗೊತ್ತಿಲ್ಲದ ಜನ ಶರೀಫರ ಪದಕ್ಕೆ ಕುಣಿದ್ರು.

6/9
ಇದರಿಂದ ಇಲ್ಲಿ ಏನು ಬದಲಾಯ್ತು?

ಒಂದು, ಸ್ಟೇಜಿನ ಭಾಷೆ. ಆವರೆಗೆ ರಾಕ್ ಅಂದ್ರೆ ಇಂಗ್ಲಿಷ್, ಬಿಟ್ರೆ ಹಿಂದಿ. ಕನ್ನಡ ಅಂದ್ರೆ ಸಿನಿಮಾ ಹಾಡು ಇಲ್ಲ ಭಾವಗೀತೆ. ಗಿಟಾರ್ ಹಿಡಿದು ಕನ್ನಡದಲ್ಲಿ, ಅದೂ ಉತ್ತರ ಕರ್ನಾಟಕದ ಕನ್ನಡದಲ್ಲಿ, ಹಾಡಿದ್ರೆ ಮರ್ಯಾದೆ ಹೋಗಲ್ಲ ಅಂತ ನಮ್ಮಂಥ ಡಿಗ್ರಿ ಕಾಲೇಜ್ ಹುಡುಗರಿಗೆ ಧೈರ್ಯ ಬಂತು. ಈಗ ಫೆಸ್ಟ್‌ನಲ್ಲಿ ಇಂಗ್ಲಿಷ್ ಹಾಡು ಬರದಿದ್ರೂ ಗುಡುಗುಡಿಯ ಬಂದ್ರೆ ಸಾಕು, ಬ್ಯಾಂಡಿಗೆ ಸೇರಿಸ್ಕೋತಾರೆ.

ಎರಡು, ದಾರಿ. ಬೆಂಗಳೂರಿನ "ಸ್ವರಾತ್ಮ" ಬ್ಯಾಂಡಿನ ಗಾಯಕ ವಾಸು ದೀಕ್ಷಿತ್ ರಘು ಅವರ ತಮ್ಮ. ಆ ಬ್ಯಾಂಡ್ 2009ರ ಆಲ್ಬಂನಲ್ಲಿ ಕಾವೇರಿ ನದಿಯೇ ಬಾಯಾರಿ ಮಾತಾಡೋ ಹಾಡು ಮಾಡ್ತು. ಕಾವೇರಿ ಗಲಾಟೆ ಬಂದಾಗೆಲ್ಲ ಹೆದ್ದಾರಿ ಬಂದ್ ನೋಡೋ ಮದ್ದೂರಿನವರಿಗೆ ಅದರ ಬಿಸಿ ಗೊತ್ತು.

ಮೂರು, ನಮ್ಮ ದೇವರು. ರಘು ಸಂಗೀತ ಕೊಟ್ಟ "ಸೈಕೋ" ಸಿನಿಮಾ ಕೂಡ 2008ರದ್ದೇ. ಅದರ "ನಿನ್ನ ಪೂಜೆಗೆ ಬಂದೆ ಮಹದೇಶ್ವರ" ಹಾಡು ನಮ್ಮ ಕಡೆ ಮದುವೆ ಆರ್ಕೆಸ್ಟ್ರಾ, ಗಣಪತಿ ಪೆಂಡಾಲ್ ಎಲ್ಲೂ ಬಿಡಲಿಲ್ಲ. ಅದು ಕವರ್ ಅಲ್ಲ, ಸಿನಿಮಾಕ್ಕೆಂದೇ ಮಾಡಿದ ಪ್ರೇಮದ ಹಾಡು. ಆದ್ರೆ ಮಾದಪ್ಪನ ಹೆಸರು ರಾಕ್ ಗಿಟಾರಿಗೂ ಒಗ್ಗುತ್ತೆ ಅಂತ ತೋರಿಸ್ತು.

ಬೈಯೋರೂ ಇದ್ದಾರೆ. ತತ್ವ ಹೋಗಿ ತಾಳ ಉಳೀತು, ಅನುಭಾವ ಹೋಗಿ ಪಾರ್ಟಿ ಉಳೀತು ಅಂತ. ಅವರ ಮಾತು ಪೂರ್ತಿ ತಳ್ಳಿಹಾಕೋ ಹಾಗಿಲ್ಲ. ಆದ್ರೆ ನನ್ನ ವಯಸ್ಸಿನವರಲ್ಲಿ ಶರೀಫರ ಹೆಸರನ್ನ ಹುಡುಕಿ ಓದಿದವರಲ್ಲಿ ಬಹಳ ಜನ ಆ ಕಡೆ ಹೋಗಿದ್ದು ಗಿಟಾರ್ ಕೇಳಿದ ಮೇಲೆ. ಹುಡುಕೋಕೆ ಒಂದು ಹೆಸರು ಇತ್ತು, ಹೋದ್ರು. ಹೆಸರೇ ಇಲ್ಲದಿದ್ರೆ ಎಲ್ಲಿಗೆ ಹೋಗೋದು?

7/9
ಆ ಪ್ರಶ್ನೆ ನೇರವಾಗಿ ನಮ್ಮ ಮನೆ ಬಾಗಿಲಿಗೇ ಬರುತ್ತೆ.

ಮಂಡ್ಯ, ಮದ್ದೂರು, ಮಳವಳ್ಳಿ, ಆಚೆ ಕೊಳ್ಳೇಗಾಲ, ಚಾಮರಾಜನಗರ. ಈ ಸೀಮೆಯಲ್ಲಿ ಎರಡು ದೊಡ್ಡ ಹಾಡುಪರಂಪರೆ ಇವೆ. ಮಲೆ ಮಹದೇಶ್ವರನ ಕತೆ ಹಾಡೋ ದೇವರಗುಡ್ಡರು, ಕೈಯಲ್ಲಿ ಕಂಸಾಳೆ. ಮಂಟೇಸ್ವಾಮಿ, ಸಿದ್ಧಪ್ಪಾಜಿ ಕತೆ ಹಾಡೋ ನೀಲಗಾರರು, ಕೈಯಲ್ಲಿ ತಂಬೂರಿ, ಗಗ್ಗರ. ಮಂಟೇಸ್ವಾಮಿ ಪರಂಪರೆಯ ಮುಖ್ಯ ಮಠ ಬೊಪ್ಪೇಗೌಡನಪುರ ಇರೋದು ನಮ್ಮ ಮಳವಳ್ಳಿ ತಾಲೂಕಲ್ಲೇ. ರಾತ್ರಿಯಿಡೀ ಹಾಡಿದ್ರೂ ಮುಗಿಯದ ಕಾವ್ಯ ಇವು.

ಈ ಗಣಿಯಿಂದ ಎಷ್ಟು ಹಾಡು ಹೊರಗೆ ಹೋಗಿದೆ ನೋಡಿ. 1996ರ "ಜನುಮದ ಜೋಡಿ"ಯ ಕೋಲುಮಂಡೆ ಹಾಡು ಮಾದಪ್ಪ–ಸಂಕಮ್ಮನ ಪ್ರಸಂಗ. ಸಂಗೀತ ವಿ. ಮನೋಹರ್, ಹಾಡಿದ್ದು ಎಲ್.ಎನ್. ಶಾಸ್ತ್ರಿ, ಅದಕ್ಕೆ ರಾಜ್ಯ ಪ್ರಶಸ್ತಿಯೂ ಬಂತು. ಶರೀಫರ ಸಿನಿಮಾ ಮಾಡಿದ ನಾಗಾಭರಣ ಅವರೇ ಇದರ ನಿರ್ದೇಶಕರು. 2020ರಲ್ಲಿ ಚಂದನ್ ಶೆಟ್ಟಿ ಅದನ್ನ ರ್‍ಯಾಪ್ ಶೈಲಿಗೆ ತಂದಾಗ, ಸಂಕಮ್ಮನನ್ನ ತೋರಿಸಿದ ರೀತಿ ಸರಿಯಿಲ್ಲ ಅಂತ ಭಕ್ತರು ಸಿಟ್ಟಾದ್ರು, ಅವರು ಕ್ಷಮೆ ಕೇಳಿದ್ರು. ಇನ್ನು ಸೋಜುಗಾದ ಸೂಜುಮಲ್ಲಿಗೆ: ಅನನ್ಯ ಭಟ್ ಹಾಡಿದ್ದು ಫೋನ್ ಫೋನಿಗೂ ಬಂತು. 2021ರ "ಗರುಡ ಗಮನ ವೃಷಭ ವಾಹನ"ದಲ್ಲಿ ಚೈತ್ರಾ ಆಚಾರ್ ದನಿಯಲ್ಲಿ ಮಾದಪ್ಪನ ಮಲ್ಲಿಗೆ ಮಂಗಳೂರಿನ ರೌಡಿಗಳ ಕತೆಯೊಳಗೆ ಅರಳಿತು.

ಈ ಹಾಡುಗಳಲ್ಲಿ ದೇವರ ಹೆಸರಿದೆ. ಹಾಡಿ ಕಟ್ಟಿದವರ ಅಂಕಿತ ಇಲ್ಲ. ಅದಕ್ಕೇ ಸಾಹಿತ್ಯ ಅಂತ ಬರೆಯೋ ಜಾಗದಲ್ಲಿ ಒಂದೇ ಪದ: ಜನಪದ.

ತಲೆತಲಾಂತರದಿಂದ ಬಂದ ಪದ ಯಾರೊಬ್ಬರ ಆಸ್ತಿಯೂ ಅಲ್ಲ, ನಿಜ. ಆದ್ರೆ ಈ ಧಾಟಿಯನ್ನ ಇಂಥ ಊರಿನ ಇಂಥವರಿಂದ ಕಲಿತೆ ಅಂತ ಹೇಳೋಕೆ ಏನು ಅಡ್ಡಿ?

8/9
ಇಲ್ಲಿ ಸ್ವಲ್ಪ ಬಿಕಾಂ ಪಾಠ ಬರುತ್ತೆ, ಸ್ಕ್ರಾಲ್ ಮಾಡಿ ಓಡಬೇಡಿ.

ಅಕೌಂಟಿಂಗ್ ಸ್ಟ್ಯಾಂಡರ್ಡ್ 26 ನೆನಪಿದೆಯಾ? ಅಂಗಡಿಯೊಂದು ವರ್ಷಗಟ್ಟಲೆ ದುಡಿದು ತಾನೇ ಸಂಪಾದಿಸಿದ ಗುಡ್‌ವಿಲ್ಲನ್ನ ಬ್ಯಾಲೆನ್ಸ್ ಶೀಟಲ್ಲಿ ಆಸ್ತಿ ಅಂತ ತೋರಿಸೋ ಹಾಗಿಲ್ಲ. ಅದೇ ಅಂಗಡಿಯನ್ನ ಬೇರೆಯವರು ಹೆಚ್ಚು ದುಡ್ಡು ಕೊಟ್ಟು ಕೊಂಡ್ರೆ, ಕೊಂಡವರ ಪುಸ್ತಕದಲ್ಲಿ ಅದು ಆಸ್ತಿ. ನೀಲಗಾರರ ಹಾಡಿನ ಪರಿಸ್ಥಿತಿಯೂ ಹೆಚ್ಚುಕಮ್ಮಿ ಹೀಗೇ. ಹಟ್ಟಿಯಲ್ಲಿ ಇರೋವರೆಗೆ ಬೆಲೆ ಸೊನ್ನೆ, ಸ್ಟುಡಿಯೋಗೆ ಹೋದ ಮೇಲೆ ಆಸ್ತಿ.

ಕಾನೂನು ಏನು ಹೇಳುತ್ತೆ? 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರ ಹಕ್ಕು ಅವರ ಜೀವಮಾನ ಮತ್ತು ಆಮೇಲೆ 60 ವರ್ಷ. ಶರೀಫರು ಹೋಗಿದ್ದು 1889ರಲ್ಲಿ, ಹಾಗಾಗಿ ಅವರ ಪದ ಯಾರು ಬೇಕಾದ್ರೂ ಹಾಡಬಹುದು. ಹಕ್ಕಿರೋ ಹಾಡಾದ್ರೆ, 2012ರ ತಿದ್ದುಪಡಿ ತಂದ 31ಸಿ ಕಲಂ ಕವರ್‌ಗೆ ದಾರಿ ಹೇಳುತ್ತೆ: ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದ ಮೇಲೆ ಐದು ವರ್ಷ ಕಾಯಬೇಕು, ಮುಂಚಿತವಾಗಿ ತಿಳಿಸಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಯ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು.

ನಮಗೆ ಬೇಕಾದ್ದು ಇನ್ನೊಂದು. ಹಾಡು ಯಾರ ಆಸ್ತಿಯೂ ಆಗದಿರಬಹುದು, ಆದ್ರೆ ಹಾಡಿದವರಿಗೆ ಅವರ ಹಾಡಿಕೆ ಮೇಲೆ ಬೇರೆಯೇ ಹಕ್ಕಿದೆ, 50 ವರ್ಷದ್ದು. ಜೊತೆಗೆ 38ಬಿ ಕಲಂ ಪ್ರಕಾರ ಈ ಹಾಡಿಕೆ ನನ್ನದು ಅಂತ ಗುರುತಿಸಿಕೊಳ್ಳೋ ಹಕ್ಕೂ ಇದೆ. ಅಂದ್ರೆ ಜಾತ್ರೆಯಲ್ಲಿ ಒಬ್ಬರು ನೀಲಗಾರರು ಹಾಡಿದ್ದನ್ನ ರೆಕಾರ್ಡ್ ಮಾಡಿ, ಅದರ ಮೇಲೆ ಬೀಟ್ ಕೂರಿಸಿ, "ಜನಪದ" ಅಂತ ಹಾಕಿ ಬಿಡೋದು ಬರೀ ಸಣ್ಣತನ ಅಲ್ಲ. ಕಾನೂನಿನ ಕಣ್ಣಲ್ಲೂ ಅವರು ಹೆಸರಿಲ್ಲದವರಲ್ಲ.

9/9
ಹೆಸರು ಉಳಿಸೋ ಕೆಲಸ ಮಾಡಿದವರು ನಮ್ಮ ಜಿಲ್ಲೆಯಲ್ಲೇ ಇದ್ರು. ನಾಗಮಂಗಲ ತಾಲೂಕು ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು. ಐಎಎಸ್ ಅಧಿಕಾರಿ, ಆದ್ರೆ ಜೀವ ಇದ್ದದ್ದು ಜನಪದದಲ್ಲಿ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದ್ರು, 1994ರಲ್ಲಿ ರಾಮನಗರದ ಹತ್ತಿರ ಜಾನಪದ ಲೋಕ ತೆರೆದ್ರು. ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೇ ರಸ್ತೆಯಲ್ಲಿ ಬೆಂಗಳೂರಿಗೆ ಹೋದ್ರೆ ಪಕ್ಕದಲ್ಲೇ ಸಿಗುತ್ತೆ. ಅವರು ಸಂಗ್ರಹಿಸಿದ ಒಂದು ಪುಸ್ತಕದ ಹೆಸರು "ಸೋಬಾನೆ ಚಿಕ್ಕಮ್ಮನ ಪದಗಳು". ಬರೀ ಸೋಬಾನೆ ಪದಗಳು ಅಂತಲೋ ಜನಪದ ಗೀತೆಗಳು ಅಂತಲೋ ಇಡಬಹುದಿತ್ತು. ಹಾಡಿಕೊಟ್ಟ ಹೆಂಗಸಿನ ಹೆಸರನ್ನ ಮುಖಪುಟಕ್ಕೇ ತಂದ್ರು. ಸ್ಟ್ಯಾಂಡರ್ಡ್ 26 ಬದಿಗಿರಲಿ, ಆಸ್ತಿ ಯಾರದು ಅಂತ ತೋರಿಸೋದು ಹೀಗೆ.

ಇನ್ನೊಂದು ನೋಡಿ. ಶಿಶುನಾಳ ಶರೀಫ. ಮಳವಳ್ಳಿ ಮಹದೇವಸ್ವಾಮಿ, ಮಾದಪ್ಪನ ಕತೆ, ಸಿದ್ಧಪ್ಪಾಜಿ ಕತೆಗಳನ್ನ ಕ್ಯಾಸೆಟ್ಟಿಗೆ ಹಾಡಿ ನಮ್ಮ ಕಡೆ ಹಳ್ಳಿಹಳ್ಳಿಗೆ ಮುಟ್ಟಿಸಿದವರು. ಬಾನಂದೂರು ಕೆಂಪಯ್ಯ. ಕತೆ ಬರೆದ ನಮ್ಮೂರ ಡಾಕ್ಟರು ಬೆಸಗರಹಳ್ಳಿ ರಾಮಣ್ಣ. ಎಲ್ಲರ ಹೆಸರಿನ ಮುಂದೆಯೂ ಊರಿದೆ. ಹಾಡು, ಕತೆ ಎಲ್ಲಿಂದ ಬಂತು ಅಂತ ಹೇಳೋ ರೂಢಿ ನಮ್ಮಲ್ಲಿ ಮೊದಲಿಂದ ಇದ್ದದ್ದೇ.

ಅದಕ್ಕೇ ಕವರ್ ಮಾಡಬೇಡಿ ಅಂತ ನಾನು ಹೇಳ್ತಿಲ್ಲ. ಮಾಡಿ, ಗಿಟಾರಲ್ಲಿ ಮಾಡಿ, ರ್‍ಯಾಪ್ ಮಾಡಿ. ಹಾಡದಿದ್ರೆ ಹಾಡು ಸಾಯುತ್ತೆ. ಗುಡುಗುಡಿಯ ಇವತ್ತು ಬದುಕಿರೋದೇ ಮೂರು ತಲೆಮಾರು ಅದನ್ನ ಮೂರು ಥರ ಹಾಡಿದ್ದಕ್ಕೆ. ಆದ್ರೆ ಪೋಸ್ಟ್ ಹಾಕೋವಾಗ "ಜನಪದ" ಅನ್ನೋ ಪದದ ಮುಂದೆ ಇನ್ನೆರಡು ಪದ ಸೇರಿಸಿ: ಯಾರಿಂದ ಕಲಿತ್ರಿ, ಯಾವ ಊರು. ಅವರನ್ನ ಒಂದು ಮಾತು ಕೇಳಿ, ಒಪ್ಪಿದ್ರೆ ಹೆಸರು ಹಾಕಿ. ದುಡ್ಡು ಬಂದ್ರೆ ಅವರಿಗೂ ಪಾಲು ಕೊಡಿ.

ಈ ಸಲ ಚಿಕ್ಕಲ್ಲೂರು ಜಾತ್ರೆಗೋ ಮಾದಪ್ಪನ ಬೆಟ್ಟಕ್ಕೋ ಹೋಗೋರು ಫೋನ್ ಎತ್ತಿ ರೆಕಾರ್ಡ್ ಒತ್ತೋ ಮುಂಚೆ ಕೇಳಿ: "ತಾತ, ನಿಮ್ಮ ಹೆಸರೇನು? ಯಾವೂರು?"

#ಗುಡುಗುಡಿ #ಶಿಶುನಾಳಶರೀಫ #ನೀಲಗಾರರು #ಕಂಸಾಳೆ #ಬೆಸಗರಹಳ್ಳಿ #ನಮ್ಮಮಂಡ್ಯ